ಕಿತ್ತಳೆ ಬಿಲ್ಲೆ

ಹಾರ್ಟಲ್‌ಪೂಲಿನ ಹಳೇ ಟೆನಿಸ್ ಅಂಗಳದ ಪಕ್ಕ
ಒಂದು ತಗಡಿನ ಶೆಡ್ಡು, ಬಾಗಿಲಿಗೆ ಹಲಗೆ,
ಹಲಗೆಗೆ ಆರು ಮೊಳೆ, ಮೊಳೆಗೊಂದು ಬಣ್ಣದ ಬಿಲ್ಲೆ.
ಭಾನುವಾರ ಭಾನುವಾರ ಅದರ ಕಾವಲು ನನ್ನದು.
ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ:
ಆಗ ನಮ್ಮ ಆಕಾಶಕ್ಕೆ ಆರೇ ಬಾಗಿಲು.
ಬಿಲ್ಲೆ ಸಿಕ್ಕವನೇ ರಿಮೋಟು ಹಚ್ಚಬೇಕು,
ಇಲ್ಲದಿದ್ದರೆ ಒಬ್ಬ ಬಲಕ್ಕೆ ತಿರುಗಿಸಿದ್ದು
ಇನ್ನೊಬ್ಬನ ಕಾರಿಗೂ ಕೇಳಿಸಿ
ಅದು ಹೋಗಿ ಬೇಲಿಗೆ ಗುದ್ದುತ್ತದೆ.

ಕತ್‌ಬರ್ಟ್ ರೇನ್, ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನು.
ನಾರಿಸ್ ಹೆಬ್ಡನ್, ಮನೆ ಮನೆಗೆ ಹಾಲು ಹಾಕುತ್ತಿದ್ದವನು.
ಇಬ್ಬರದ್ದೂ ಕಿತ್ತಳೆ ಹರಳು.
ಎರಡು ಪೌಂಡಿಗೆ ಬೇರೆ ಹರಳು ಸಿಗುತ್ತಿತ್ತು,
ಉಗುರಿನಷ್ಟು ಜೋಡಿ, ಒಂದು ಕೈಪೆಟ್ಟಿಗೆಗೆ, ಒಂದು ಕಾರಿಗೆ.
‘ನಾನ್ಯಾಕೆ? ಅವನು ಬದಲಾಯಿಸಲಿ.’
‘ನಾನ್ಯಾಕೆ? ಮೊದಲು ಬಂದವನು ನಾನು.’
ಹೀಗೆ ಇಪ್ಪತ್ತಾರು ವರ್ಷ.

ಒಬ್ಬ ಓಡಿಸಿದರೆ ಇನ್ನೊಬ್ಬ ತಿರುವಿನಲ್ಲಿ ನಿಲ್ಲಬೇಕು,
ಮಗುಚಿದ ಕಾರನ್ನು ಓಡಿಹೋಗಿ ಎತ್ತಿ
ಮೂತಿ ತಿರುಗಿಸಿ ನೆಲಕ್ಕೆ ಬಿಡಬೇಕು.
ನಾರಿಸ್ ಬೈಯುತ್ತಲೇ ಎತ್ತುತ್ತಿದ್ದ.
ಕತ್‌ಬರ್ಟ್ ತುಟಿ ಬಿಚ್ಚದೆ ಎತ್ತುತ್ತಿದ್ದ, ಅದು ಬೈಗುಳಕ್ಕಿಂತ ಜಾಸ್ತಿ.
ಯಾರು ವೇಗ? ನಾನೇ, ಅನ್ನುತ್ತಿದ್ದರು ಇಬ್ಬರೂ.
ಜೊತೆಗೆ ಓಡಿದ್ದು ಒಂದು ದಿನವೂ ಇಲ್ಲ,
ಸುಳ್ಳೆನ್ನಲು ಯಾರಿಗೂ ದಾರಿಯಿರಲಿಲ್ಲ.

ಹೋದ ಮಾರ್ಚಿನಲ್ಲಿ ಕತ್‌ಬರ್ಟ್ ಹೊಸ ರೇಡಿಯೋ ತಂದ.
ಚಹಾದ ಮೇಜಿನ ಮೇಲೇ ಕಾರನ್ನು ಬಿಚ್ಚಿಟ್ಟು
ಹಳೇ ರಿಸೀವರ್ ಕಿತ್ತ; ಹಿಂದೆಯೇ ಬಂತು
ಮೊಳದುದ್ದದ ತಂತಿ, ತುದಿಯ ಕಿತ್ತಳೆ ರಿಬ್ಬನ್ನು.
ಹೊಸದು ಅರ್ಧ ಬಿಸ್ಕತ್ತಿನಷ್ಟು,
ಅದರ ಬಾಲ ನನ್ನ ಕಿರುಬೆರಳಿನಷ್ಟೂ ಇಲ್ಲ.
ಗುಂಡಿ ಒತ್ತಿ ಹಿಡಿದ.
ಕೆಂಪು ದೀಪ ಪಟಪಟ ಮಿಟುಕಿ, ಮಿಟುಕಿ,
ನಿಂತು ಉರಿಯಿತು.
‘ಇನ್ನು ಇದು ನನ್ನ ಮಾತೊಂದೇ ಕೇಳುತ್ತದೆ’ ಅಂದವನು
ಎಡಕ್ಕೆ ತಿರುಗಿಸಿದ. ಚಕ್ರ ಬಲಕ್ಕೆ ತಿರುಗಿತು.
ನಾನು ನಕ್ಕೆ. ಯಾವುದೋ ಚಿಕ್ಕ ಸ್ವಿಚ್ಚು, ಸರಿಹೋಯಿತು.
ಸಂಪರ್ಕ ಕಡಿದರೆ ಏನು ಮಾಡಬೇಕೆಂದೂ
ಮೊದಲೇ ಹೇಳಿಕೊಡಬೇಕಂತೆ ಅದಕ್ಕೆ.
ಅವನು ಬಹಳ ಹೊತ್ತು ಕೂತ. ಚಹಾ ಆರಿತು.
‘ಬ್ರೇಕು’ ಅಂದ ಆಮೇಲೆ, ‘ಇದ್ದಲ್ಲೇ ನಿಲ್ಲಲಿ.’

‘ಬಿಲ್ಲೆ?’ ಅಂದೆ.
‘ಬೇಡ ಮುರಿಯಲ್, ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ.’
ಅವತ್ತು ನಾರಿಸ್ ಕಿತ್ತಳೆ ಬಿಲ್ಲೆ ಅಂಗಿಗೆ ಸಿಕ್ಕಿಸಿಕೊಂಡು
ಸುತ್ತ ನೋಡಿದ, ಯಾರಾದರೂ ಕಾಯುತ್ತಿದ್ದಾರೆಯೇ ಎಂದು.
ಇಡೀ ಮಧ್ಯಾಹ್ನ ಅವನದೇ. ಎರಡು ಸುತ್ತಿಗೆ ಬೇಸರ ಬಂತು.
ನಾಲ್ಕನೇ ವಾರ ಅವನ ಕಾರಿಗೂ ರಿಬ್ಬನ್ನಿರಲಿಲ್ಲ.

ಮೂರು, ಎರಡು, ಒಂದು. ಎಣಿಸಿದ್ದು ನಾನೇ.
ನೇರ ದಾರಿಯಲ್ಲಿ ಭುಜಕ್ಕೆ ಭುಜ,
ತಿರುವಿನಲ್ಲಿ ಒಂದಕ್ಕೊಂದು ತಾಗಿ
ಎರಡೂ ಅಂಗಾತ.
ಎಂಟು ಚಕ್ರ ಮೋಡಕ್ಕೆ ಮುಖ ಮಾಡಿ ಗಿರ್ರೆಂದವು.
ಇಬ್ಬರೂ ತಿರುವಿನ ಕಡೆ ನೋಡಿದರು.
ಅಲ್ಲಿ ಇನ್ನೊಬ್ಬನಿರಬೇಕಿತ್ತು.
ರಿಮೋಟು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ನಡೆದರು,
ಬಗ್ಗಿದರು, ಎತ್ತಿದರು:
ನಾರಿಸ್ ಕತ್‌ಬರ್ಟನದನ್ನು, ಕತ್‌ಬರ್ಟ್ ನಾರಿಸನದನ್ನು,
ಕೈಗೆ ಬೇರೆ ಅಭ್ಯಾಸವೇ ಇಲ್ಲದ ಹಾಗೆ.
ಆಮೇಲೆ ಜಗಳ, ಗುದ್ದಿದ್ದು ಯಾರೆಂದು, ಕತ್ತಲಾಗುವವರೆಗೆ.

ಹಲಗೆಗೆ ಈಗ ಕಾವಲು ಬೇಕಿಲ್ಲ. ತಿರುವಿಗೆ ಬೇಕು.
ಮಡಚುವ ಕುರ್ಚಿ ಅಲ್ಲಿಗೇ ಒಯ್ದಿದ್ದೇನೆ.
ಕಿತ್ತಳೆ ಬಿಲ್ಲೆಗೆ ಶೆಡ್ಡಿನ ಕೀಲಿ ಕಟ್ಟಿದ್ದೇನೆ.
ಯಾರು ವೇಗವೆಂದು ನನಗೆ ಗೊತ್ತಾಗಿ ಬಹಳ ದಿನವಾಯಿತು.
ಕೇಳಿದಾಗೆಲ್ಲ ಹೇಳುತ್ತೇನೆ:
ಕಾಣಲಿಲ್ಲ ಕಣ್ರೋ, ಬಿಸಿಲು ಕಣ್ಣಿಗೆ ಹೊಡೆಯಿತು.
ಹಾರ್ಟಲ್‌ಪೂಲಿನಲ್ಲಿ. ನವೆಂಬರಿನಲ್ಲಿ.